ಬೀದರಿನ ಹಾಳುಗಳಲ್ಲಿ

'ಹಾಳೂರಿಗೆ ಉಳಿದವನೇ ಗೌಡ' ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಕುಚೋದ್ಯಕ್ಕೆ ಬಳಸುತ್ತೇವೆ. ಆದರೆ ಆ ಗಾದೆಯಲ್ಲಿ ಇತಿಹಾಸವನ್ನು ಹೇಳಹೊರಟವನಿಗೂ ಒಂದು ಎಚ್ಚರಿಕೆಯ ಮಾತು ಅಡಗಿದೆ. ಊರು ಹಾಳಾದ ಮೇಲೆ ಅದರ ಕಥೆಯನ್ನು ಹೇಳುವ ಅಧಿಕಾರ ಕೊನೆಗೆ ಉಳಿದವನ ಪಾಲಿಗೆ ಬರುತ್ತದೆ. ಅವನು ಹೇಳಿದ್ದೇ ಊರಿನ ಚರಿತ್ರೆಯಾಗುತ್ತದೆ. ಅವನನ್ನು ತಡೆದು ಕೇಳಲು ಬಿದ್ದ ಗೋಡೆಗಳಿಗೆ ಬಾಯಿಲ್ಲ. ಕರ್ನಾಟಕದ ತಲೆಯ ಮೇಲಿರುವ ಬೀದರಿನ ಹಾಳುಗಳನ್ನು ನೋಡಲು ಹೋಗುವವರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ನಮ್ಮಲ್ಲಿ ಬಹುಮಂದಿಗೆ ಹಾಳು ಎಂದೊಡನೆ ನೆನಪಾಗುವುದು ಹಂಪೆ. ಬಾದಾಮಿ, ಐಹೊಳೆ, ಹಳೇಬೀಡುಗಳಿಗೂ ಹೋಗಿಬರುತ್ತೇವೆ. ಬೀದರಿಗೆ ಹೋಗುವವರು ಕಡಿಮೆ. ದೂರವೆಂಬುದು ಒಂದು ಕಾರಣ. ಅಲ್ಲಿರುವುದು ನಮ್ಮದಲ್ಲವೆಂಬ, ಬಾಯಿಬಿಟ್ಟು ಹೇಳದ ಭಾವನೆ ಇನ್ನೊಂದು. ಆದರೆ ಆ ಊರಿನಲ್ಲಿ ನಾಲ್ಕು ದಿನ ಇದ್ದು ಕಾಲ್ನಡಿಗೆಯಲ್ಲಿ ತಿರುಗಿದವನಿಗೆ, ಯಾವುದು ನಮ್ಮದು, ಯಾವುದು ಪರರದು ಎಂದು ಗೆರೆ ಎಳೆಯುವುದು ಎಷ್ಟು ಕಷ್ಟವೆಂಬುದು ತಾನಾಗಿಯೇ ತಿಳಿಯುತ್ತದೆ.

ಬೀದರ್ ಒಂದು ಬಗೆಯಲ್ಲಿ ದ್ವೀಪ. ಸುತ್ತಲೂ ಭಾಲ್ಕಿ, ಔರಾದ ಸೀಮೆಗಳ ಎರೆಭೂಮಿ. ಜೋಳ, ತೊಗರಿ, ಕಡಲೆ ಬೆಳೆಯುವ ಕರಿಯ ಬಯಲು. ಅದರ ನಡುವೆ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲೆ ಎದ್ದು ನಿಂತ ಕೆಂಪು ಜಂಬಿಟ್ಟಿಗೆಯ ದಿಬ್ಬ. ಅದರ ಅಂಚಿನಲ್ಲಿ ನಿಂತರೆ ಕೆಳಗೆ ಮಾಂಜ್ರಾ ನದಿಯ ಕಣಿವೆ ದೂರದವರೆಗೆ ಹಾಸಿಕೊಂಡು ಕಾಣುತ್ತದೆ. ಬಹಮನಿ ದೊರೆ ಅಹಮದ್ ಷಾ ಕಲಬುರಗಿಯಿಂದ ತನ್ನ ರಾಜಧಾನಿಯನ್ನು ಇಲ್ಲಿಗೆ ತಂದದ್ದು 15ನೆಯ ಶತಮಾನದ ಮೂರನೆಯ ದಶಕದಲ್ಲಿ. ಅವನಿಗಿಂತ ಮೊದಲೂ ಇಲ್ಲಿ ಕೋಟೆ ಇತ್ತು. ದೆಹಲಿಯ ತುಘಲಕರ ಸೈನ್ಯ ಹಿಂದಿನ ಶತಮಾನದಲ್ಲಿಯೇ ಅದನ್ನು ಗೆದ್ದುಕೊಂಡಿದ್ದಿತು. ಆದರೆ ಈಗ ನಾವು ನೋಡುವ ಕೋಟೆಯ ರೂಪರೇಖೆ ಅಹಮದ್ ಷಾನ ಕಾಲದ್ದು.

ಜಂಬಿಟ್ಟಿಗೆಯ ಗುಣವೊಂದನ್ನು ಅರಿಯದೆ ಬೀದರ್ ಅರ್ಥವಾಗುವುದಿಲ್ಲ. ನೆಲದೊಳಗಿರುವಾಗ ಅದು ಮೆತ್ತಗಿರುತ್ತದೆ. ಗುದ್ದಲಿ, ಉಳಿಗಳಿಗೆ ಸುಲಭವಾಗಿ ಒಗ್ಗುತ್ತದೆ. ಹೊರಗೆ ತೆಗೆದು ಗಾಳಿಬಿಸಿಲಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಕೋಟೆಯ ದಕ್ಷಿಣಕ್ಕೆ ಬಂದರೆ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕವನ್ನು ಕಾಣಬಹುದು. ಒಂದು ಕಂದಕಕ್ಕೂ ಇನ್ನೊಂದಕ್ಕೂ ನಡುವೆ ಕಡಿಯದೆ ಬಿಟ್ಟ ಬಂಡೆಯೇ ಗೋಡೆಯಾಗಿ ನಿಂತಿದೆ. ನೆಲವನ್ನು ಕಡಿದು ಅಡ್ಡಿ ಮಾಡುವುದು, ಅದೇ ನೆಲವನ್ನು ಎತ್ತಿ ಆಸರೆ ಮಾಡುವುದು, ಈ ಎರಡು ಕೆಲಸಗಳೇ ಬೀದರಿನ ಶಿಲ್ಪದ ಅಡಿಪಾಯ.

ನಗರದ ಅಂಚಿನ ಕೊಳಾರದ ಕಡೆಯಿಂದ ಹೊರಟ ನಾನು ಮೊದಲು ನೋಡಿದ್ದು ಕೋಟೆಯನ್ನಲ್ಲ, ನೌಬಾದಿನ ಸುರಂಗಬಾವಿಯನ್ನು. ಕೊಳಾರ ಇಂದು ಕಾರ್ಖಾನೆಗಳ ಸ್ಥಳ. ಲಾರಿಗಳ ಸದ್ದನ್ನು ದಾಟಿ ನೌಬಾದಿಗೆ ಬಂದರೆ, ಬಯಲಿನಲ್ಲಿ ಅಷ್ಟಷ್ಟು ದೂರಕ್ಕೆ ಒಂದೊಂದು ಬಾವಿಯ ಬಾಯಿ ಕಾಣಿಸುತ್ತದೆ. ಇವು ಸೇದುವ ಬಾವಿಗಳಲ್ಲ. ನೆಲದಡಿಯಲ್ಲಿ ಹರಿಯುವ ಕಾಲುವೆಗೆ ಗಾಳಿಬೆಳಕು ಒದಗಿಸಲು, ಅಗೆದ ಮಣ್ಣನ್ನು ಮೇಲೆತ್ತಲು ತೋಡಿದ ಕಂಡಿಗಳು. ಇಪ್ಪತ್ತಕ್ಕೂ ಹೆಚ್ಚು ಇಂಥ ಕಂಡಿಗಳಿರುವ ಈ ವ್ಯವಸ್ಥೆಗೆ ಕರೇಜ್ ಎಂದು ಹೆಸರು. ಮೇಲಿನ ಜಂಬಿಟ್ಟಿಗೆ ಮಳೆಯ ನೀರನ್ನು ಸೋಸಿ ಕೆಳಗಿಳಿಸುತ್ತದೆ. ಅದರಡಿಯ ಗಟ್ಟಿ ಪದರ ನೀರನ್ನು ಇನ್ನೂ ಕೆಳಗೆ ಹೋಗಗೊಡುವುದಿಲ್ಲ. ಎರಡೂ ಸೇರುವಲ್ಲಿ ಒಸರುವ ನೀರನ್ನು ಹಿಡಿದು, ಕಂಡೂ ಕಾಣದ ಇಳಿಜಾರಿನ ಸುರಂಗದಲ್ಲಿ ಊರಿಗೆ ತರುವುದು ಇದರ ಉಪಾಯ. ಏತವಿಲ್ಲ, ಎತ್ತಿಲ್ಲ, ಯಂತ್ರವಿಲ್ಲ. ನೀರು ತನ್ನ ಭಾರದಿಂದ ತಾನೇ ನಡೆದು ಬರುತ್ತದೆ.

ಈ ವಿದ್ಯೆ ಇರಾನಿನಿಂದ ಬಂದದ್ದು. ಅಲ್ಲಿ ಇದರ ಹೆಸರು ಕನಾತ್. ಅರಬರ ಮೂಲಕ ಇದೇ ವಿದ್ಯೆ ಪಶ್ಚಿಮಕ್ಕೂ ಹೋಗಿ ಮೆಡಿಟರೇನಿಯನ್ ಸಮುದ್ರದ ಸಿಸಿಲಿ ದ್ವೀಪವನ್ನು ಮುಟ್ಟಿತು. ಪಲೆರ್ಮೊ ನಗರದ ಅಡಿಯಲ್ಲಿ ಇಂದಿಗೂ ಇಂಥ ಸುರಂಗಗಳಿದ್ದು ಪ್ರವಾಸಿಗಳು ಇಳಿದು ನೋಡುತ್ತಾರೆ. ನಮ್ಮಲ್ಲಿ ಬಹುಕಾಲ ಹೂಳು ತುಂಬಿ ಮರೆತುಹೋಗಿದ್ದ ನೌಬಾದಿನ ಕರೇಜನ್ನು 2010ರ ದಶಕದಲ್ಲಿ ಜಿಲ್ಲಾಡಳಿತ ಹೂಳೆತ್ತಿಸಿತು. ಬಾವಿಯ ಬಾಯಿಯ ಬಳಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು "ಕಾಕಾ, ಇದರಾಗ ಈಗೂ ನೀರು ಐತೇನ್ರಿ?" ಎಂದು ಕೇಳಿದೆ. "ಐತ್ರಿ. ನೀರು ಎಲ್ಲಿ ಹೋಗ್ತದ? ನಾವೇ ಅದರ ಬಾಯಿ ಮುಚ್ಚಿದ್ದೆವು" ಎಂದರು ಅವರು.

ಹಾಳು ಎಂಬುದರ ಬಗ್ಗೆ ಇದಕ್ಕಿಂತ ಉಚಿತವಾದ ಮಾತನ್ನು ನಾನು ಪುಸ್ತಕಗಳಲ್ಲಿ ಓದಿಲ್ಲ. ಕೆಲವು ಹಾಳುಗಳು ಸತ್ತಿರುವುದಿಲ್ಲ. ಬಾಯಿ ಮುಚ್ಚಿಸಿಕೊಂಡಿರುತ್ತವೆ, ಅಷ್ಟೆ.

ಕೋಟೆಯೊಳಗೆ ಬಂದರೆ ಮೊದಲು ಎದುರಾಗುವ ಬಾಗಿಲುಗಳಲ್ಲಿ ಷರ್ಜಾ ದರವಾಜೆ ಒಂದು. 1503ರಲ್ಲಿ ಕಟ್ಟಿದ ಅದರ ಮುಖದ ಮೇಲೆ ಕೆತ್ತಿರುವ ಹುಲಿಗಳಿಂದಲೇ ಅದಕ್ಕೆ ಆ ಹೆಸರು. ಒಳಗೆ ರಂಗೀನ್ ಮಹಲ್. ಬರೀದ್ ಷಾಹಿ ದೊರೆ ಅಲಿ ಬರೀದನ ಕಾಲದ ಈ ಅರಮನೆಯ ಮರದ ಕಂಬಬೋದಿಗೆಗಳ ಕೆತ್ತನೆಯನ್ನು ಕಂಡರೆ ನಮ್ಮ ಕಡೆಯ ದೊಡ್ಡ ಮನೆಗಳ ತೊಟ್ಟಿಯ ಕಂಬಗಳು ನೆನಪಾಗುತ್ತವೆ. ಒಳಕೋಣೆಯ ಗೋಡೆಯ ಕರಿಯ ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸವೋ ಬೇರೆಯೇ ಲೋಕದ್ದು. ಹೊಳೆಯುವ ಬಿಳಿಯನ್ನು ಕರಿಯದರಲ್ಲಿ ಹುದುಗಿಸುವ ಈ ಅಭಿರುಚಿಯೇ ಬಿದರಿ ಪಾತ್ರೆಗಳಲ್ಲಿಯೂ ಕಾಣುತ್ತದೆ. ಸತುವು, ತಾಮ್ರಗಳ ಮಿಶ್ರಲೋಹದ ಮೇಲೆ ಬೆಳ್ಳಿಯನ್ನು ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಕಾಯಿಸಿದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹಾಗೆಯೇ ಉಳಿಯುತ್ತದೆ. ಬಿದರಿ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅರಮನೆಗಳು ಬಿದ್ದರೂ ಅವುಗಳ ಮಣ್ಣು ಇನ್ನೂ ಕಸುಬುದಾರರಿಗೆ ಅನ್ನ ಕೊಡುತ್ತಿದೆ.

ಅಲ್ಲಿಂದ ಮುಂದೆ ಸೋಲಾ ಖಂಬಾ ಮಸೀದಿ. 1423-24ರ ಶಾಸನವಿರುವ ಇದು ಬೀದರಿನ ಅತಿ ಹಳೆಯ ಮುಸ್ಲಿಂ ಕಟ್ಟಡಗಳಲ್ಲಿ ಒಂದು. ದಪ್ಪನೆಯ ದುಂಡು ಕಂಬಗಳ ಸಾಲಿನ ನಡುವೆ ನಿಂತರೆ ಹೊರಗಿನ ಬಿಸಿಲು ಬೇರೊಂದು ಊರಿನದೆನಿಸುತ್ತದೆ. ಹಾಗೆಯೇ ಮುಂದುವರಿದರೆ ತಖ್ತ್ ಮಹಲಿನ ಎತ್ತರದ ಕಮಾನುಗಳು. ಗೋಡೆಯ ಹೆಂಚುಗಳಲ್ಲಿ ಅಲ್ಲಲ್ಲಿ ಉಳಿದ ಬಣ್ಣ. ರಷ್ಯದ ಟ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಸುಮಾರಿಗೆ ಈ ಊರಿಗೆ ಬಂದಿದ್ದನು. ಅರಮನೆಗೆ ಏಳು ಬಾಗಿಲುಗಳೆಂದೂ, ಬಾಗಿಲಲ್ಲಿ ಕುಳಿತ ಲೇಖಕರು ಹೋಗುವವರ, ಬರುವವರ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದರೆಂದೂ ಅವನು ದಾಖಲಿಸಿದ್ದಾನೆ. ಸರದಾರರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುವುದನ್ನು ಕಂಡ ಕಣ್ಣು, ಹಳ್ಳಿಯ ಜನ ಕಡುಬಡವರೆಂಬುದನ್ನೂ ಕಂಡಿತು. ಕುದುರೆಯೊಂದನ್ನು ಮಾರಿಕೊಳ್ಳಲು ಬಂದ ಪರದೇಶಿಗೆ ಯಾರನ್ನೂ ಹೊಗಳುವ ಹಂಗಿರಲಿಲ್ಲ. ಊರಿಗೆ ಮರಳುವ ದಾರಿಯಲ್ಲಿಯೇ ಅವನು ತೀರಿಕೊಂಡನು. ಅವನ ಬರಹ ಮಾತ್ರ ಊರು ತಲುಪಿತು.

ನಿಕಿತಿನ್ ತನ್ನ ಬರಹದಲ್ಲಿ ಒಬ್ಬ ಪ್ರಬಲ ಮಂತ್ರಿಯನ್ನು ಹೆಸರಿಸುತ್ತಾನೆ: ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ. ಆ ಬಿರುದಿನ ವ್ಯಕ್ತಿಯೇ ಮಹಮೂದ್ ಗವಾನ. ಕ್ಯಾಸ್ಪಿಯನ್ ಸಮುದ್ರತೀರದ ಗಿಲಾನಿನಲ್ಲಿ ಹುಟ್ಟಿ, ವ್ಯಾಪಾರಿಯಾಗಿ 1453ರಲ್ಲಿ ಬೀದರಿಗೆ ಬಂದು, ನಾಡಿನ ಆಡಳಿತವನ್ನೇ ಹೊತ್ತವನು. ಊರ ನಡುವೆ ಅವನು ಕಟ್ಟಿಸಿದ ಮದರಸಾ 1472ರದು. 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ನಡುವೆ ವಿಶಾಲವಾದ ಅಂಗಳ, ಸುತ್ತಲೂ ಪಾಠದ ಹಜಾರಗಳು, ಗ್ರಂಥಾಲಯ, ಮಸೀದಿ, ಗುರುಶಿಷ್ಯರ ಕೋಣೆಗಳು. ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು. ಈಗ ಒಂದೇ ಉಳಿದಿದೆ. ಅದರ ಮೈಮೇಲೆ ಹಸಿರು, ನೀಲಿ, ಹಳದಿ ಹೆಂಚುಗಳು ಅಂಕುಡೊಂಕಾದ ಪಟ್ಟಿಗಳಲ್ಲಿ ಇನ್ನೂ ಹೊಳೆಯುತ್ತವೆ.

ಗವಾನನ ಪತ್ರಗಳ ಸಂಗ್ರಹ 'ರಿಯಾಜ್-ಉಲ್-ಇನ್ಷಾ' ಎಂಬ ಹೆಸರಿನಲ್ಲಿ ಉಳಿದುಬಂದಿದೆ. ಹೆರಾತಿನ ಕವಿ ಜಾಮಿಗೆ ಅವನು ಬರೆದ ಪತ್ರಗಳೂ, ಇಸ್ತಾಂಬುಲನ್ನು ಗೆದ್ದ ತುರ್ಕಿ ಸುಲ್ತಾನ ಎರಡನೆಯ ಮಹಮ್ಮದನಿಗೆ ಬರೆದವುಗಳೂ ಅದರಲ್ಲಿವೆ. ಪತ್ರದಿಂದ ದೇಶದೇಶಗಳನ್ನು ಬೆಸೆದ ಈ ಮನುಷ್ಯನನ್ನು ಕೊಂದದ್ದೂ ಒಂದು ಪತ್ರವೇ. ಚರಿತ್ರಕಾರ ಫಿರಿಸ್ತಾ ಹೇಳುವಂತೆ, ಅವನ ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ವೈರಿಗಳು ಒಲಿಸಿಕೊಂಡು, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ದೊರೆಯನ್ನು ದಂಡೆತ್ತಿ ಬರಲು ಕರೆಯುವಂಥ ಒಕ್ಕಣೆಯನ್ನು ಆಮೇಲೆ ಬರೆದುಕೊಂಡರು. ಅದನ್ನು ಕಂಡ ಸುಲ್ತಾನ ಮೂರನೆಯ ಮಹಮ್ಮದ್ ಷಾ, ವಿಚಾರಣೆಯಿಲ್ಲದೆ, ಎಪ್ಪತ್ತು ದಾಟಿದ ಮುದಿ ಮಂತ್ರಿಯ ತಲೆ ತೆಗೆಸಿದನು. ಅದು ನಡೆದದ್ದು 1481ರ ಏಪ್ರಿಲ್ 5ರಂದು. ಸತ್ಯ ತಿಳಿದ ಸುಲ್ತಾನ ಮರುಗಿದನು, ಮರುವರ್ಷವೇ ತಾನೂ ಸತ್ತನು. ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ; ಒಂದು ಸಿಂಹಾಸನದ ಜಾಗದಲ್ಲಿ ಐದು ಎದ್ದವು.

ಇಲ್ಲಿ ನನಗೆ ಮೆಡಿಟರೇನಿಯನ್ನಿನ ಇನ್ನೊಂದು ದ್ವೀಪ ನೆನಪಾಗುತ್ತದೆ. ನಾನು ಪುಸ್ತಕಗಳಲ್ಲಿ ಮಾತ್ರ ಕಂಡ ರೋಡ್ಸ್ ಅದು. ಗವಾನ ಪತ್ರ ಬರೆದ ಅದೇ ತುರ್ಕಿ ಸುಲ್ತಾನ 1480ರಲ್ಲಿ ರೋಡ್ಸಿನ ಕೋಟೆಗೆ ಮುತ್ತಿಗೆ ಹಾಕಿಸಿದನು. ಬಂಡೆಯಲ್ಲಿ ಕಡಿದ ಆಳವಾದ ಒಣಕಂದಕವಿದ್ದ ಆ ಕೋಟೆ ಅಂದು ಬೀಳಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಸುಲ್ತಾನ ತೀರಿಕೊಂಡನು. ಗವಾನ ಸತ್ತು ಇನ್ನೂ ಒಂದು ತಿಂಗಳಾಗಿರಲಿಲ್ಲ. ರೋಡ್ಸ್ ತುರ್ಕರ ವಶವಾದದ್ದು 1522ರಲ್ಲಿ, ಅವನ ಮರಿಮಗನ ಕಾಲಕ್ಕೆ.

ಹೋಲಿಕೆ ಇಲ್ಲಿಗೆ ಮುಗಿಯುವುದಿಲ್ಲ. ಬೀದರನ್ನು 1619ರಲ್ಲಿ ವಿಜಾಪುರದವರೂ 1657ರಲ್ಲಿ ಔರಂಗಜೇಬನೂ ಗೆದ್ದುಕೊಂಡರು. ಔರಂಗಜೇಬನ ಮುತ್ತಿಗೆಯಲ್ಲಿ ಕೋಟೆಯ ಮದ್ದಿಗೆ ಕಿಡಿ ತಗುಲಿ ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟ ಗಾಯಗಳಿಂದ ಸತ್ತನು. ಆಮೇಲೆ ಗೆದ್ದ ಸೈನ್ಯಕ್ಕೆ ಮದರಸಾ ಒಳ್ಳೆಯ ಉಗ್ರಾಣವಾಗಿ ಕಂಡಿತು. ಪುಸ್ತಕವಿದ್ದಲ್ಲಿ ಸಿಡಿಮದ್ದನ್ನು ತುಂಬಿದರು. 1696ರ ಸುಮಾರಿಗೆ ಅದು ಸಿಡಿದು ಮುಂಭಾಗದ ಅರ್ಧವೂ ಒಂದು ಮಿನಾರೂ ದಕ್ಷಿಣದ ಬಹುಭಾಗವೂ ಹಾರಿಹೋದವು. ರೋಡ್ಸಿನಲ್ಲಿಯೂ ಹೀಗೆಯೇ ಆಯಿತು. ಅಲ್ಲಿಯ ಇಗರ್ಜಿಯೊಂದರ ನೆಲಮಾಳಿಗೆಯಲ್ಲಿದ್ದ ಹಳೆಯ ಮದ್ದು 1856ರಲ್ಲಿ ಸಿಡಿದು, ಪಕ್ಕದ ಅರಮನೆ ನೆಲಸಮವಾಯಿತು. ಎರಡು ಊರುಗಳಲ್ಲಿಯೂ ಹಗೆಯ ಫಿರಂಗಿ ಮಾಡದ ನಾಶವನ್ನು ಒಡೆಯರ ಅಜಾಗ್ರತೆ ಮಾಡಿತು.

ಇಷ್ಟಾದ ಮೇಲೆ ದಾರಿಗಳು ಬೇರೆಯಾಗುತ್ತವೆ. ಇಟಲಿಯವರು ರೋಡ್ಸನ್ನು ಆಳುತ್ತಿದ್ದಾಗ, 1937ರಿಂದ 1940ರವರೆಗೆ, ಬಿದ್ದ ಅರಮನೆಯನ್ನು ತಮ್ಮ ದೊರೆಗೂ ಮುಸೊಲಿನಿಗೂ ತಕ್ಕ ವೈಭವದಿಂದ ಹೊಸದಾಗಿ ಕಟ್ಟಿಸಿದರು. ನೆಲಕ್ಕೆ ಹಾಸಲು ನೆರೆಯ ಕೋಸ್ ದ್ವೀಪದ ಪುರಾತನ ಚಿತ್ರಶಿಲೆಗಳನ್ನು ಕಿತ್ತು ತಂದರು. ಇಂದು ಅಲ್ಲಿಗೆ ಹೋದವರು ಅರಮನೆಯನ್ನು ಕಾಣುತ್ತಾರೆ. ಆದರೆ ಅವರು ಕಾಣುವುದರಲ್ಲಿ ಹಳೆಯ ಕಾಲವೆಷ್ಟು, 1940 ಎಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಬೀದರಿನ ಮದರಸಾ ಮುರಿದದ್ದು ಮುರಿದಂತೆಯೇ ನಿಂತಿದೆ. ನಿಜಾಮರ ಪುರಾತತ್ವ ಇಲಾಖೆಯ ಗುಲಾಂ ಯಜ್ದಾನಿಯವರು ಕೆಡುವ ಕಟ್ಟಡಗಳನ್ನು ಉಳಿಸಲು ದುಡಿದರು; ಅವರ ದೊಡ್ಡ ಗ್ರಂಥ 1947ರಲ್ಲಿ ಹೊರಬಂದಿತು. ಇಂದಿಗೂ ಬೀದರಿಗೆ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಜೊತೆಗಾರನಿಲ್ಲ. ಹೋದ ಮಿನಾರನ್ನು ಹೊಸದಾಗಿ ಎಬ್ಬಿಸಿ ನಿಲ್ಲಿಸುವ ಕೆಲಸ ಮಾತ್ರ ಇಲ್ಲಿ ನಡೆಯಲಿಲ್ಲ. ಅದು ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ. ಮಿನಾರು ಇಲ್ಲದ ಆ ಮೂಲೆ, ಗ್ರಂಥಾಲಯವನ್ನು ಮದ್ದಿನ ಮನೆ ಮಾಡಿದರೆ ಏನಾಗುತ್ತದೆ ಎಂಬುದನ್ನು ನೋಡಿದವರಿಗೆಲ್ಲ ಹೇಳುತ್ತ ನಿಂತಿದೆ. ಅದನ್ನು ತುಂಬಿಬಿಟ್ಟರೆ ಆ ಮಾತು ನಿಂತುಹೋಗುತ್ತದೆ.

ಊರಿನ ಪೂರ್ವಕ್ಕೆ ಅಷ್ಟೂರಿನಲ್ಲಿ ಬಹಮನಿ ದೊರೆಗಳ ಗೋರಿಗಳು ಸಾಲಾಗಿ ನಿಂತಿವೆ. ದಾರಿಯಲ್ಲಿ ಚೌಖಂಡಿ, ಇರಾನಿನ ಕೆರ್ಮಾನಿನಿಂದ ಬಂದ ಸಂತ ಖಲೀಲುಲ್ಲಾನ ಸಮಾಧಿಯಿರುವ ಎಂಟು ಮೂಲೆಯ ಕಟ್ಟಡ. ಅದರ ಕರಿಯ ಕಲ್ಲಿನ ಬಾಗಿಲ ಮೇಲೆ ಬಳ್ಳಿಯೋ ಅಕ್ಷರವೋ ಎಂದು ಬೇರ್ಪಡಿಸಲಾಗದ ಹಾಗೆ ಬರಹವನ್ನು ಕೆತ್ತಿದ್ದಾರೆ. ಅಷ್ಟೂರಿನಲ್ಲಿ ಒಂದು ಗೋರಿಯ ಗುಮ್ಮಟ ಸೀಳಿ ಅರ್ಧ ಉದುರಿಹೋಗಿದೆ, ಕೊಯ್ದ ಹಣ್ಣಿನಂತೆ ಒಳಗು ಹೊರಗು ಎರಡೂ ಕಾಣುತ್ತವೆ. 1458ರಿಂದ 1461ರವರೆಗೆ ಆಳಿ, ತನ್ನ ಕ್ರೌರ್ಯದಿಂದ 'ಜಾಲಿಮ್' ಎನ್ನಿಸಿಕೊಂಡ ಹುಮಾಯೂನನ ಗೋರಿ ಅದು. ಸಿಡಿಲು ಬಡಿದು ಹೀಗಾಯಿತು. ಪಾಪಿಗೆ ದೇವರು ಕೊಟ್ಟ ಶಿಕ್ಷೆಯೆಂದು ಹೇಳುವವರುಂಟು. ಕೇಳಲು ಹಿತವಾದ ಮಾತು. ಆದರೆ ಜಾಲಿಮನ ಗೋರಿ ಬಿದ್ದದ್ದು ಶಿಕ್ಷೆಯಾದರೆ ಗವಾನನ ಮದರಸಾ ಹಾರಿಹೋದದ್ದು ಯಾವ ಪಾಪಕ್ಕೆ? ಸಿಡಿಲಿಗಾಗಲಿ ಮದ್ದಿಗಾಗಲಿ ನ್ಯಾಯಾನ್ಯಾಯಗಳು ತಿಳಿಯವು. ಬಿದ್ದ ಕಟ್ಟಡದಲ್ಲಿ ದೇವರ ತೀರ್ಪನ್ನು ಓದುವವರು ಬಹುಮಟ್ಟಿಗೆ ತಮ್ಮ ತೀರ್ಪನ್ನೇ ಓದುತ್ತಿರುತ್ತಾರೆ.

ಅದೇ ಸಾಲಿನಲ್ಲಿ ಅಹಮದ್ ಷಾನ ಗೋರಿಯಿದೆ. ಒಳಹೊಕ್ಕು ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಗೋಡೆ ಗುಮ್ಮಟಗಳ ತುಂಬ ಚಿನ್ನ, ಕೆಂಪು, ನೀಲಿ ಬಣ್ಣಗಳ ಚಿತ್ತಾರವೂ ಅಕ್ಷರಗಳೂ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಮುಸಲ್ಮಾನರಿಗೆ ಈತ ವಲಿ. ಲಿಂಗಾಯತ ಭಕ್ತರಲ್ಲಿ ಈತನನ್ನು ಅಲ್ಲಮಪ್ರಭುವೆಂದು ಭಾವಿಸುವವರಿದ್ದಾರೆ. ಹೋಳಿಯ ನಂತರ ನಡೆಯುವ ಉರುಸಿಗೆ ಕಲಬುರಗಿ ಸೀಮೆಯ ಮಾಡಿಯಾಳದಿಂದ ಜಂಗಮರೊಬ್ಬರು ಪರಿವಾರದೊಡನೆ ಬರುತ್ತಾರೆ, ಗೋರಿಯ ಮುಂದೆ ಶಂಖದ ಧ್ವನಿಯಾಗುತ್ತದೆ. ಇದು ಯಾರ ಹಬ್ಬವೆಂದು ಅಲ್ಲಿ ಕೇಳಿದರೆ, ಕೇಳಿದವನೇ ಪರಊರಿನವನೆಂದು ತಿಳಿಯುತ್ತಾರೆ. ಪುರಾತತ್ವ ಇಲಾಖೆಯ ಫಲಕದಲ್ಲಿ ಈ ಗೋರಿ ಸ್ಮಾರಕ. ಜನರ ಪಾಲಿಗೆ ಇದು ವರ್ಷವರ್ಷವೂ ಹೋಗಿಬರುವ ನೆಂಟರ ಮನೆ.

ಬೀದರಿನಿಂದ ಭಾಲ್ಕಿ ದೂರವಲ್ಲ. ಅಲ್ಲಿಯ ಹಿರೇಮಠದ ಚನ್ನಬಸವ ಪಟ್ಟದೇವರು ನಿಜಾಮರ ಆಳ್ವಿಕೆಯಲ್ಲಿ, ಕನ್ನಡ ಶಾಲೆಗೆ ಅವಕಾಶವಿಲ್ಲದ ದಿನಗಳಲ್ಲಿ, ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಗವಾನನ ಮದರಸಾದ ಮುಂದೆ ನಿಂತಾಗಲೆಲ್ಲ ನನಗೆ ಆ ಫಲಕದ ನೆನಪಾಗುತ್ತದೆ. ಒಂದೆಡೆ ಭವ್ಯವಾದ ಕಟ್ಟಡವಿತ್ತು, ಓದು ಹೊರಟುಹೋಯಿತು. ಇನ್ನೊಂದೆಡೆ ಹೇಳಿಕೊಳ್ಳುವ ಕಟ್ಟಡವಿರಲಿಲ್ಲ, ಓದು ಉಳಿಯಿತು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕನ್ನೂ ಸಂತೆಯಲ್ಲಿ ಕೇಳಬಹುದಾದ ಈ ಸೀಮೆ 1956ರ ನವೆಂಬರ್ 1ರಂದು ಕನ್ನಡ ರಾಜ್ಯಕ್ಕೆ ಸೇರಿದಾಗ, ಹಳೆಯ ಬೀದರ್ ಜಿಲ್ಲೆಯ ಉದಗೀರ ಅತ್ತ, ಜಹೀರಾಬಾದ್ ಇತ್ತ ಹಂಚಿಹೋದವು. ಗಡಿಗಳು ಹೀಗೆ ಸರಿದಾಡುತ್ತವೆ. ಕಲ್ಲುಗಳು ಇದ್ದಲ್ಲಿಯೇ ಇದ್ದು, ಹೊಸ ಒಡೆಯರನ್ನು ಕಾಣುತ್ತವೆ.

ರೋಡ್ಸಿನ ಬಂದರಿನಲ್ಲಿ ಪ್ರಾಚೀನ ಕಾಲದಲ್ಲಿ ಸೂರ್ಯದೇವನ ಭಾರಿ ಕಂಚಿನ ವಿಗ್ರಹವೊಂದಿತ್ತು. ಕ್ರಿಸ್ತಪೂರ್ವ 226ರ ಸುಮಾರಿಗೆ ಭೂಕಂಪದಲ್ಲಿ ಅದು ಉರುಳಿತು. ಉರುಳಿದ್ದನ್ನೂ ಜನ ಬಂದು ನೋಡುತ್ತಿದ್ದರೆಂದು ರೋಮಿನ ಪ್ಲಿನಿ ಬರೆದಿದ್ದಾನೆ; ಬಿದ್ದ ವಿಗ್ರಹದ ಹೆಬ್ಬೆರಳನ್ನು ತೋಳುಗಳಿಂದ ಬಳಸಬಲ್ಲವರು ಕೆಲವರೇ ಇದ್ದರಂತೆ. ಬಿದ್ದದ್ದನ್ನು ನೋಡುವ ಆಸೆ ಮನುಷ್ಯನಲ್ಲಿ ಅಷ್ಟು ಹಳೆಯದು. ಆ ಆಸೆಯಲ್ಲಿ ತಪ್ಪಿಲ್ಲ. ನೋಡಿ ಬಂದು ಏನು ಹೇಳುತ್ತೇವೆ ಎಂಬುದರಲ್ಲಿ ತಪ್ಪು ಒಪ್ಪುಗಳಿವೆ.

ದಖ್ಖನಿನ ಸುಲ್ತಾನರ ಸ್ಮಾರಕಗಳ ಸಾಲಿನಲ್ಲಿ ಬೀದರಿನ ಹೆಸರೂ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಇನ್ನು ಮುಂದೆ ಬರುವವರ ಸಂಖ್ಯೆ ಹೆಚ್ಚಬಹುದು. ಅವರೊಡನೆ ಕಥೆ ಹೇಳುವವರೂ ಹೆಚ್ಚುತ್ತಾರೆ. ಒಬ್ಬರು ಇದೆಲ್ಲ ವೈಭವವೆನ್ನುವರು, ಇನ್ನೊಬ್ಬರು ದೌರ್ಜನ್ಯವೆನ್ನುವರು. ನಿಕಿತಿನ್ ಕಂಡ ಬಡ ಹಳ್ಳಿಗನನ್ನು ಇಬ್ಬರೂ ಮರೆಯಬಹುದು. ಗವಾನನನ್ನು ಕೊಂದವರು ಒಕ್ಕಣೆ ಬರೆಯುವ ಮೊದಲೇ ಮುದ್ರೆ ಒತ್ತಿಸಿಕೊಂಡಿದ್ದರು. ಊರನ್ನು ನೋಡುವ ಮೊದಲೇ ಅದರ ಚರಿತ್ರೆಯನ್ನು ತೀರ್ಮಾನಿಸಿ ಬರುವವರೂ ಖಾಲಿ ಕಾಗದಕ್ಕೆ ಮುದ್ರೆ ಒತ್ತಿದವರೇ. ಅದರ ಮೇಲೆ ಯಾರು ಏನನ್ನಾದರೂ ಬರೆದುಕೊಳ್ಳಬಹುದು. ಬೀದರಿಗೆ ಹೋಗುವವರು ಬರಿಗೈಯಲ್ಲಿ ಹೋಗಲಿ, ನಿಧಾನವಾಗಿ ನಡೆಯಲಿ, ಕಂಡದ್ದನ್ನು ಕಂಡಷ್ಟೇ ಬರೆದುಕೊಳ್ಳಲಿ. ಮುದ್ರೆ ಕೊನೆಗೆ ಬೀಳಲಿ.